ತಿಪ್ಪೇಸ್ವಾಮಿಯ ಊರಿನಲ್ಲಿ ಒಂದು ಭಾನುವಾರ

ಬಾಣಂತನಕ್ಕೆಂದು ನಮ್ಮ ಮನೆಯಲ್ಲಿದ್ದ ಮಗಳು ಅಂದು ಬೆಳಿಗ್ಗೆ ಫೋನ್ ಮಾಡಿದಳು. 'ಅಪ್ಪಾ, ಪಾಪುವಿನದು ರೇವತಿ ನಕ್ಷತ್ರವಂತೆ. ದೇ, ದೋ, ಚಾ, ಚೀ ಇವುಗಳಲ್ಲಿ ಒಂದು ಅಕ್ಷರದಿಂದ ಹೆಸರು ಶುರುವಾಗಬೇಕು. ಎರಡೇ ಅಕ್ಷರದ್ದಿರಲಿ. ಅರ್ಥ ಚೆನ್ನಾಗಿರಲಿ. ಮುಂದೆ ಅವಳ ಕ್ಲಾಸಿನಲ್ಲಿ ಇನ್ನೊಬ್ಬರಿಗೆ ಅದೇ ಹೆಸರು ಇರಬಾರದು. ಅಷ್ಟೇ.'

ಅಷ್ಟೇ! ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ್ದೇನೆ. ಎಂತೆಂಥ ಲೆಕ್ಕ ಬಿಡಿಸಿದ್ದೇನೆ. ಆದರೆ ನಾಲ್ಕು ಷರತ್ತಿನ ಈ ಲೆಕ್ಕ ಸುಲಭದ್ದಲ್ಲ ಎಂದು ಆಗಲೇ ತಿಳಿಯಿತು.

ಆಗ ನಾನಿದ್ದದ್ದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇರುವುದು ಇಲ್ಲಿಯೇ. ನಮ್ಮಂಥ ಶಾಲಾ ಶಿಕ್ಷಕರನ್ನು ಕರೆಸಿ, ಪ್ರಯೋಗಾಲಯದಲ್ಲಿ ಕೂರಿಸಿ, ಪುಸ್ತಕದಲ್ಲಿ ಓದಿಸುವುದನ್ನು ಕೈಯಿಂದ ಮಾಡಿಸುವ ತರಬೇತಿ ಅಲ್ಲಿ ನಡೆಯುತ್ತದೆ. ರಾಜ್ಯದ ಮೂಲೆ ಮೂಲೆಯಿಂದ ಮೇಷ್ಟ್ರುಗಳು, ಟೀಚರಮ್ಮಂದಿರು ಬಂದಿದ್ದರು. ಬೇರೆ ದಿನಗಳಲ್ಲಿ ಹಾಜರಿ ಕೂಗುವ ನಾವೇ ಅಲ್ಲಿ 'ಪ್ರೆಸೆಂಟ್ ಸಾರ್' ಎನ್ನುವ ವಿದ್ಯಾರ್ಥಿಗಳು.

ಹಾಜರಿ ಪುಸ್ತಕದ ಭೂಪಟ

ಮೊದಲ ದಿನ ಹಾಜರಿ ಕರೆಯುವಾಗಲೇ ನನಗೊಂದು ಆಟ ಹೊಳೆಯಿತು. ಹೆಸರು ಕೇಳಿ ಊರು ಹೇಳುವ ಆಟ. ಪಕ್ಕದಲ್ಲಿ ಕುಳಿತವರನ್ನೂ ಸೇರಿಸಿಕೊಂಡೆ.

'ಕೊಟ್ರೇಶ್' ಎಂದು ಕೂಗಿದೊಡನೆ ನಾನು 'ಕೊಟ್ಟೂರು ಸೀಮೆ' ಎಂದೆ. ಸರಿಯಾಗಿತ್ತು. ಕೊಟ್ಟೂರಿನ ಗುರು ಬಸವೇಶ್ವರನ ಹೆಸರು ಆ ಸುತ್ತಿನ ಮನೆಮನೆಯಲ್ಲೂ ಕೊಟ್ರಪ್ಪ, ಕೊಟ್ರೇಶ, ಕೊಟ್ರಮ್ಮ ಎಂದು ಹರಡಿಕೊಂಡಿದೆ. 'ಮರುಳಸಿದ್ದಪ್ಪ' ಎಂದರೆ ಉಜ್ಜಿನಿಯ ಆಸುಪಾಸು. 'ಹುಲಿಗೆಮ್ಮ' ಎಂದಾಗ ಕೊಪ್ಪಳ ಎಂದೆವು. ತುಂಗಭದ್ರೆಯ ದಡದ ಹುಲಿಗಿಯ ದೇವಿ ಅವಳು. 'ಪಂಪಾಪತಿ' ಹಂಪಿಯವನು. 'ಮಾದೇವಸ್ವಾಮಿ' ಎಂದರೆ ಮಲೆ ಮಹದೇಶ್ವರ ಬೆಟ್ಟದ ಕಡೆಯ ಚಾಮರಾಜನಗರ. 'ನಂಜುಂಡ' ಎಂದರೆ ಕಪಿಲೆಯ ದಡದ ನಂಜನಗೂಡು. 'ಯಲ್ಲಪ್ಪ' ಸವದತ್ತಿಯ ಎಲ್ಲಮ್ಮನ ಮಗ. 'ಸಂಗಮೇಶ' ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದವನು. 'ಶರಣಪ್ಪ' ಮತ್ತು 'ಬಂದೇನವಾಜ್' ಇಬ್ಬರೂ ಒಂದೇ ಊರಿನವರು ಇರಬೇಕು ಎಂದೆ. ಇಬ್ಬರೂ ಕಲಬುರಗಿಯವರೇ. ಒಬ್ಬರಿಗೆ ಶರಣಬಸವೇಶ್ವರನ ಹೆಸರು, ಇನ್ನೊಬ್ಬರಿಗೆ ಅದೇ ಊರಿನ ದರ್ಗಾದ ಸಂತನ ಹೆಸರು. ಬಂದೇನವಾಜ್ ಎಂದರೆ ತನ್ನನ್ನು ನಂಬಿದವರನ್ನು ಸಲಹುವವನು ಎಂದು ಅವರೇ ಅರ್ಥ ಹೇಳಿದರು.

ಒಮ್ಮೊಮ್ಮೆ ಸೋತೆವು. 'ಮಂಜುನಾಥ' ಎಂದು ಕೂಗಿದಾಗ ನಾಲ್ವರು 'ಪ್ರೆಸೆಂಟ್' ಎಂದರು. ಧರ್ಮಸ್ಥಳದ ಸ್ವಾಮಿ ಘಟ್ಟ ಹತ್ತಿ ಎಲ್ಲ ಜಿಲ್ಲೆಗಳಿಗೂ ಬಂದುಬಿಟ್ಟಿದ್ದಾನೆ! 'ಫಕೀರಪ್ಪ' ಎಂಬ ಗದಗ ಸೀಮೆಯ ಮೇಷ್ಟ್ರನ್ನು ಮೈಸೂರಿನ ಕಡೆಯವರೊಬ್ಬರು, 'ಇದ್ಯಾವ ಸೇರಿಕೆ ಸಾರ್, ಫಕೀರನೂ ಅಪ್ಪನೂ?' ಎಂದು ಕೇಳಿದರು. ಅವರು ನಕ್ಕು, 'ನಮ್ಮ ಕಡೆ ಶಿರಹಟ್ಟಿ ಫಕೀರೇಶ್ವರ ಮಠ ಐತ್ರಿ. ಮನಿಗೊಬ್ಬ ಫಕೀರಪ್ಪ ಇರ್ತಾನ. ಹುಸೇನಪ್ಪನೂ ಇರ್ತಾನ' ಎಂದರು.

ಭೂಪಟವನ್ನು ಗೋಡೆಗೆ ತೂಗು ಹಾಕಿ ನದಿ, ಬೆಟ್ಟ ತೋರಿಸುತ್ತೇವೆ. ಆದರೆ ನಮ್ಮ ಹಾಜರಿ ಪುಸ್ತಕವೇ ಒಂದು ಭೂಪಟ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಪಟ್ಟಿಯ ಕೊನೆಯ ಹೊತ್ತಿಗೆ 'ತಿಪ್ಪೇಸ್ವಾಮಿ' ಎಂಬ ಹೆಸರು ಬಂತು. ಚಳ್ಳಕೆರೆಯವರೇ ಆದ ಒಬ್ಬರು ಕೈ ಎತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಆಟ ನಿಲ್ಲಿಸಿದೆ.

1998ರ ಒಂದು ಪಾಠ

ಓದುಗರಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. 1998ರಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂಬತ್ತನೇ ತರಗತಿಗೆ ಸಾವಯವ ವಸ್ತುಗಳು ಕೊಳೆತು ಗೊಬ್ಬರವಾಗುವ ಪಾಠ ಮಾಡುತ್ತಿದ್ದೆ. ಮಕ್ಕಳು ತೂಕಡಿಸುತ್ತಿದ್ದರು. ಅವರನ್ನು ಎಬ್ಬಿಸಬೇಕೆಂದು, 'ಗೊಬ್ಬರ ಹೇಗಾಗುತ್ತದೆ ಅಂತ ನಮ್ಮ ತಿಪ್ಪೇಸ್ವಾಮಿಯನ್ನು ಕೇಳಿ, ಅವನ ಮನೆಯೇ ಅಲ್ಲಿದೆ' ಎಂದುಬಿಟ್ಟೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಮೂರನೇ ಬೆಂಚಿನ ಹುಡುಗ ತಲೆ ತಗ್ಗಿಸಿದವನು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ.

ಮಾರನೆಯ ದಿನದಿಂದ ಅವನು ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಅವನ ತಂದೆ ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬಿಳಿ ಹಾಳೆ. 'ಸಾರ್, ಹುಡುಗನ ಹೆಸರು ಬದಲಾಯಿಸಿ ಕೊಡ್ರಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗೆ ಬಂದುಬಿಟ್ರೆ ಆಮೇಲೆ ಆಗಲ್ಲಂತೆ' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮಪ್ಪನ ಹೆಸರು ಸಾರ್ ಅದು' ಎಂದೂ ಸೇರಿಸಿದರು.

ಆ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಹೊಸ ಹೆಸರನ್ನೂ ನಾನೇ ಸೂಚಿಸಿದೆ. ಹೊಳೆಯುವ ಅರ್ಥದ, ಮೂರಕ್ಷರದ ಒಂದು ಸಂಸ್ಕೃತ ಹೆಸರು. ಒಳ್ಳೆಯ ಕೆಲಸ ಮಾಡಿದೆ ಎಂದೇ ಆಗ ಭಾವಿಸಿದ್ದೆ. ಹದಿನೈದು ವರ್ಷದ ಮೇಲೆ ಅವನ ಮದುವೆಯ ಕರೆಯೋಲೆ ಅಂಚೆಯಲ್ಲಿ ಬಂತು. ವರನ ಹೆಸರಿನ ಮುಂದೆ 'ಉರುಫ್ ತಿಪ್ಪೇಸ್ವಾಮಿ' ಎಂದು ಅಚ್ಚಾಗಿತ್ತು. ಆ 'ಉರುಫ್' ಕಣ್ಣಿಗೆ ಬಿದ್ದಾಗ ಮನಸ್ಸಿಗೆ ಮುಳ್ಳು ಮುರಿದಂತಾಗಿತ್ತು. ಮದುವೆಗೆ ಹೋಗಲಿಲ್ಲ.

ನಾಯಕನಹಟ್ಟಿ ಕುದಾಪುರಕ್ಕೆ ಹತ್ತಿರದಲ್ಲೇ ಇದೆ ಎಂದು ಗೊತ್ತಾದಾಗ, ತರಬೇತಿಯ ನಡುವೆ ಬಂದ ಭಾನುವಾರ ಅಲ್ಲಿಗೆ ಹೋಗಿಯೇ ಬರಬೇಕೆನಿಸಿತು.

ಬಯಲುಸೀಮೆಯ ದಾರಿ

ಡಿಸೆಂಬರಿನ ಬೆಳಗು. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಬಯಲು. ಶೇಂಗಾ ಕಿತ್ತು ಬರಿದಾದ ಹೊಲಗಳು, ಅಲ್ಲಲ್ಲಿ ತೊಗರಿ, ಬಂಡೆಗುಡ್ಡಗಳು. ಒಂದು ಕಾಲಕ್ಕೆ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲಿನ ಕಾವಲುಗಳು ಈ ಭಾಗದಲ್ಲೇ ಇರುವುದು. ಕರಿ ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಮಂದೆಯನ್ನು ರಸ್ತೆ ದಾಟಿಸುವವರೆಗೆ ನಮ್ಮ ಬಸ್ಸು ನಿಂತಿತು. ಚಳ್ಳಕೆರೆಯ ಕಂಬಳಿಯೂ ಶೇಂಗಾ ಎಣ್ಣೆಯೂ ನಾಡಿಗೆಲ್ಲ ಪರಿಚಿತ. ತಳುಕಿನ ವೆಂಕಣ್ಣಯ್ಯನವರು, ತ.ರಾ.ಸು. ಅವರ ಮನೆತನದ ಊರಾದ ತಳುಕು ಇದೇ ತಾಲ್ಲೂಕಿನದು.

ಬಸ್ಸಿನಲ್ಲೂ ನನ್ನ ಆಟ ನಿಲ್ಲಲಿಲ್ಲ. ಮುಂದಿನ ಸೀಟಿನ ತಾಯಿ ಮಗನನ್ನು 'ಓಬೇಶಾ, ಕಿಟಕಿಯಿಂದ ಕೈ ಒಳಗಿಡೋ' ಎಂದು ಗದರಿದಳು. ಓಬಯ್ಯ, ಓಬಣ್ಣ, ಓಬಳೇಶ ಎಲ್ಲವೂ ಆಂಧ್ರದ ಅಹೋಬಲದ ನರಸಿಂಹನಿಂದ ಬಂದ ಹೆಸರುಗಳು. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಹೆಸರೂ ಅದೇ ಕುಲದ್ದು. ಗಡಿ, ಭಾಷೆ ಯಾವುದನ್ನೂ ಕೇಳದೆ ಹೆಸರುಗಳು ನಡೆದು ಬಂದಿವೆ.

ನಾಯಕನಹಟ್ಟಿಯಲ್ಲಿ ಗುರು ತಿಪ್ಪೇರುದ್ರಸ್ವಾಮಿಯ ಎರಡು ನೆಲೆಗಳಿವೆ. ಊರೊಳಗೆ ಒಳಮಠ, ಊರ ಹೊರಗೆ ಹೊರಮಠ. ದುಡಿದವನಿಗೆ ದುಡಿದಷ್ಟೇ ಫಲ ಎಂಬ ಅರ್ಥದ ಅವರ ಮಾತೊಂದು ಇಲ್ಲಿಯ ಗೋಡೆಗಳ ಮೇಲೆ, ಲಾರಿಗಳ ಹಣೆಯ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ ಎಲ್ಲೆಲ್ಲೂ ಇದೆ. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಗುರು ಎಂದು ಜನ ಅವರನ್ನು ನೆನೆಯುತ್ತಾರೆ. ಫಾಲ್ಗುಣ ಮಾಸದಲ್ಲಿ ಚಿತ್ತಾ ನಕ್ಷತ್ರದ ದಿನ ತೇರು ಎಳೆಯುತ್ತಾರೆ. ಲಕ್ಷಾಂತರ ಜನ ಸೇರುತ್ತಾರೆ. ಹರಕೆ ಹೊತ್ತವರು ಒಣಕೊಬ್ಬರಿಯನ್ನು ಉರಿಯುವ ಬೆಂಕಿಗೆ ಅರ್ಪಿಸುತ್ತಾರೆ. ನಾನು ಹೋದಾಗ ಜಾತ್ರೆಯ ಗದ್ದಲವಿರಲಿಲ್ಲ. ಬೇವಿನ ಮರದ ನೆರಳು, ಐದಾರು ಹಣ್ಣುಕಾಯಿ ಅಂಗಡಿಗಳು, ಮಗುವಿನ ಮುಡಿ ತೆಗೆಸಲು ಬಂದ ಒಂದು ಕುಟುಂಬ, ಅಷ್ಟೇ.

'ಅವರ ಹೆಸರು ನಾನು ಹೆಂಗೆ ಹೇಳ್ಲಿ?'

ಹಣ್ಣುಕಾಯಿ ಕೊಂಡ ಅಂಗಡಿಯ ಮುಂದೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಕುಳಿತಿದ್ದರು. ಚಪ್ಪಲಿ ಅಲ್ಲೇ ಬಿಡಲು ಹೇಳಿದರು. ದರ್ಶನ ಮುಗಿಸಿ ಬಂದವನು ಅವರ ಪಕ್ಕದ ಕಲ್ಲಿನ ಮೇಲೆ ಕುಳಿತು, 'ಅಮ್ಮಾ, ಅಂಗಡಿ ಯಾರದು?' ಎಂದು ಕೇಳಿದೆ.

'ನಮ್ಮ ಯಜಮಾನ್ರದ್ದು ಸ್ವಾಮಿ. ಅವರು ಹೋಗಿ ಆರು ವರ್ಷ ಆತು. ಈಗ ಮಗ ನೋಡ್ಕಂತಾನೆ.'

'ಯಜಮಾನರ ಹೆಸರೇನಮ್ಮಾ?'

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. 'ಅವರ ಹೆಸರು ನಾನು ಹೆಂಗೆ ಹೇಳ್ಲಿ? ಅಗೋ, ಒಳಗೆ ಕುಂತಾನಲ್ಲ, ಆ ಸ್ವಾಮಿದೇ ಹೆಸರು.'

ಗಂಡ ತೀರಿಹೋಗಿ ಆರು ವರ್ಷವಾದರೂ ಹೆಸರು ಹೇಳುವ ನಾಚಿಕೆ ಹೋಗಿರಲಿಲ್ಲ. ನಾನು ಧೈರ್ಯ ಮಾಡಿ, 'ತಿಪ್ಪೆ ಅಂತ ಹೆಸರಿದ್ದರೆ ಹುಡುಗರು ನಗುತ್ತಾರಲ್ಲಮ್ಮಾ' ಎಂದೆ. ಆಕೆ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದ್ದು ಇಷ್ಟು:

'ನಮ್ಮ ಅತ್ತೆಗೆ ಇವರಿಗಿಂತ ಮುಂಚೆ ಮೂರು ಹುಟ್ಟಿ ಹೋಗಿದ್ವಂತೆ. ಒಂದೂ ತೊಟ್ಟಿಲು ಕಾಣ್ಲಿಲ್ಲ. ನಾಕನೇದು ಇವರು. ಹುಟ್ಟಿದ ದಿನವೇ ಮೊರದಾಗೆ ಮಲಗಿಸಿ ತಿಪ್ಪೆ ಮೇಲೆ ಇಟ್ಟು ಬಂದ್ರಂತೆ. ಇದು ನಮಗೆ ಬೇಡ, ಕಸ, ಅಂತ ಗಟ್ಟಿಯಾಗಿ ಕೂಗಿ ಹೇಳಿದ್ರಂತೆ, ವಿಧಿಗೆ ಕೇಳ್ಲಿ ಅಂತ. ಪಕ್ಕದ ಮನೆಯಾಕೆ ಹೋಗಿ, ತಿಪ್ಪೆಯಾಗೆ ಒಂದು ಮಗು ಸಿಕ್ತು ಅಂತ ಎತ್ಕಂಬಂದು, ಒಂದು ಸೇರು ತೌಡಿಗೆ ನಮ್ಮ ಅತ್ತೆಗೇ ಮಾರಿದ್ಲಂತೆ. ಆ ಸೇರು ತೌಡಿನ ಮಗ ಎಪ್ಪತ್ತೆರಡು ವರ್ಷ ಬದುಕಿದ್ರು ಸ್ವಾಮಿ. ನಗೋರು ನಗ್ಲಿ ಬಿಡ್ರಿ.'

ನನ್ನ ಕಾಫಿ ಲೋಟ ಕೈಯಲ್ಲೇ ತಣ್ಣಗಾಯಿತು.

ಹೆಸರಿನ ಹಿಂದಿನ ಭಯ

ಈ ಪದ್ಧತಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ತಮಿಳಿನ ಕುಪ್ಪುಸ್ವಾಮಿ ಎಂಬ ಹೆಸರಿನಲ್ಲಿರುವ ಕುಪ್ಪೈ ಎಂದರೆ ಕಸ. ತೆಲುಗಿನ ಪೆಂಟಯ್ಯನಲ್ಲಿರುವ ಪೆಂಟ ಎಂದರೆ ತಿಪ್ಪೆ. ಮರಾಠಿಯ ಧೋಂಡಿಬಾ, ದಗಡೂ ಎಂದರೆ ಕಲ್ಲು. ನಮ್ಮ ತಿಪ್ಪಣ್ಣ, ತಿರುಕಪ್ಪ, ಕಲ್ಲಪ್ಪ, ಗುಂಡಪ್ಪ ಎಂಬ ಹೆಸರುಗಳನ್ನೂ ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ ಇಟ್ಟರು. ಮಗು ಚೆಂದ ಎಂದು ಗೊತ್ತಾದರೆ ಸಾವು ಕೊಂಡೊಯ್ಯುತ್ತದೆ. ಕಸವೆಂದೋ ಕಲ್ಲೆಂದೋ ಕರೆದರೆ ತಿರುಗಿ ನೋಡದೆ ಹೋಗುತ್ತದೆ. ಪ್ರೀತಿಯನ್ನು ಬಚ್ಚಿಡಲು ಬಳಸಿದ ಹೆಸರುಗಳು ಇವು.

ವಿಜ್ಞಾನದ ಮೇಷ್ಟ್ರಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಹೆಸರು ಯಾವ ಮಗುವನ್ನೂ ಉಳಿಸಲಿಲ್ಲ. ಆ ಕಾಲದಲ್ಲಿ ಹಸುಗೂಸುಗಳನ್ನು ಕೊಂಡೊಯ್ಯುತ್ತಿದ್ದದ್ದು ಭೇದಿ, ನ್ಯುಮೋನಿಯಾ, ದಡಾರ ಮತ್ತು ಧನುರ್ವಾಯು. ಇವುಗಳಲ್ಲಿ ಧನುರ್ವಾಯುವಿನ ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಕುಡುಗೋಲಿನಿಂದ ಕೊಯ್ದ ಹೊಕ್ಕುಳಬಳ್ಳಿಯ ಗಾಯದ ಮೂಲಕ ಅವು ಮಗುವಿನ ಮೈ ಸೇರುತ್ತಿದ್ದವು. ಎರಡು ಮೂರು ದಿನ ಚೆನ್ನಾಗಿ ಹಾಲು ಕುಡಿದ ಮಗು ಬಾಯಿ ಬಿಡಲಾರದೆ, ಮೈ ಸೆಟೆದು ತೀರಿಹೋಗುತ್ತಿತ್ತು. ಸಾವನ್ನು ವಂಚಿಸಲೆಂದು ಮಗುವನ್ನು ತಿಪ್ಪೆಗೆ ಒಯ್ದ ತಾಯಿ, ತನಗೇ ತಿಳಿಯದೆ ಸಾವಿನ ಮನೆಯ ಬಾಗಿಲಿಗೇ ಒಯ್ದಿರುತ್ತಿದ್ದಳು. ಆಕೆಯನ್ನು ದೂರುವ ಹಕ್ಕು ನಮಗಿಲ್ಲ. ಆಕೆಗೆ ಸೂಕ್ಷ್ಮದರ್ಶಕವನ್ನು ಯಾರೂ ತೋರಿಸಿರಲಿಲ್ಲ.

1971ರಲ್ಲಿ ನಮ್ಮ ದೇಶದಲ್ಲಿ ಜೀವಂತ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 129 ಮಕ್ಕಳು ಮೊದಲ ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಿದ್ದರು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಕರ್ನಾಟಕದಲ್ಲಿ 19. 1985ರಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ, ಬಸುರಿಯ ತೋಳಿಗೆ ಕೊಡುವ ಧನುರ್ವಾಯು ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಶುದ್ಧ ಮಾಡಿದ ಒಂದು ಬ್ಲೇಡು, ಇವೆಲ್ಲ ಸೇರಿ ಮಾಡಿದ ಕೆಲಸ ಇದು. ತಾಯಿಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಗರ್ಭದಲ್ಲಿರುವ ಮಗುವಿಗೂ ದಾಟುತ್ತವೆ. ಮಗು ಹುಟ್ಟುವಾಗಲೇ ರಕ್ಷಣೆ ಪಡೆದು ಬರುತ್ತದೆ. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು.

ಇಂದು ಹೊಸದಾಗಿ ಯಾರೂ ಮಗುವನ್ನು ತಿಪ್ಪೆಯ ಮೇಲಿಟ್ಟು ಹೆಸರಿಡಬೇಕಾಗಿಲ್ಲ. ಮುಂದೆ ಬರುವ ತಿಪ್ಪೇಸ್ವಾಮಿಗಳೆಲ್ಲ ಅಜ್ಜನ ನೆನಪಿಗೆ, ಗುರುವಿನ ಭಕ್ತಿಗೆ ಮಾತ್ರ ಆ ಹೆಸರು ಪಡೆಯುವವರು. ಅವರನ್ನು ನೋಡಿ ನಗುವ ಮೊದಲು, ಆ ಮನೆಯಲ್ಲಿ ಹಿಂದೆ ಎಷ್ಟು ತೊಟ್ಟಿಲುಗಳು ಬರಿದಾಗಿದ್ದವೋ ಎಂದು ಯೋಚಿಸಬೇಕು.

ಉಳಿಸಬೇಕಾದ್ದು, ಬಿಡಬೇಕಾದ್ದು

ಹಾಗೆಂದು ಹಳೆಯ ಹೆಸರುಗಳೆಲ್ಲ ಚಿನ್ನವೆಂದು ನಾನು ಹೇಳಲಾರೆ. ನನ್ನ ತಾಯಿಯ ಹೆಸರು ಸಾಕಮ್ಮ. ಆಕೆ ಐದನೆಯ ಹೆಣ್ಣು ಮಗು. ಹುಟ್ಟಿದೊಡನೆ ಮನೆಯ ಹಿರಿಯರು 'ಹೆಣ್ಣು ಸಾಕು' ಎಂದರಂತೆ. ಅದೇ ಹೆಸರಾಯಿತು. ಸಾಕಮ್ಮ ಎಂಬ ಹೆಸರಿನವರು ಗಟ್ಟಿಗರೂ ಇದ್ದರು. ಬೆಂಗಳೂರಿನಲ್ಲಿ ಕಾಫಿಪುಡಿಯ ವ್ಯಾಪಾರ ನಡೆಸಿ ಹೆಸರಾದ ಸಾಕಮ್ಮನವರನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಆದರೆ ನನ್ನ ಮಗಳು ಹುಟ್ಟಿದಾಗ, ಅಜ್ಜಿಯ ಹೆಸರಿಡೋಣವೆ ಎಂದು ಕೇಳಿದ್ದಕ್ಕೆ ತಾಯಿ ಅಂದದ್ದು ಒಂದೇ ಮಾತು: 'ಬೇಡಪ್ಪಾ, ಅದು ನನ್ನ ಜೊತೆಗೇ ಹೋಗಲಿ.'

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥದೇ 'ನಕೋಶಿ' ಎಂಬ ಹೆಸರಿತ್ತು. ಬೇಡವಾದವಳು ಎಂದು ಅದರ ಅರ್ಥ. 2011ರಲ್ಲಿ ಅಲ್ಲಿನ ಜಿಲ್ಲಾಡಳಿತ ಸಮಾರಂಭ ನಡೆಸಿ ಆ ಹೆಸರಿನ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು.

ಈ ಎರಡು ಬಗೆಯ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಿಪ್ಪೇಸ್ವಾಮಿ ಎಂದವರು ಮಗು ಬೇಕೇ ಬೇಕೆಂದು, ಬೇಡವೆಂದು ಸುಳ್ಳು ಹೇಳಿದರು. ಸಾಕಮ್ಮ ಎಂದವರು ನಿಜವನ್ನೇ ಹೇಳಿದರು. ಕೇಳುವ ಕಿವಿಗೆ ಮೊದಲನೆಯದು ಒರಟು, ಎರಡನೆಯದು ಮೃದು. ಒಳಗಿನ ಅರ್ಥ ಮಾತ್ರ ತಿರುಗುಮುರುಗು.

ಇನ್ನು ಅಂಗಡಿಯಲ್ಲಿ ಸಿಗುವ ಹೆಸರಿನ ಪುಸ್ತಕಗಳ ವಿಷಯ. ಈಚಿನ ವರ್ಷಗಳಲ್ಲಿ ನನ್ನ ಹಾಜರಿ ಪುಸ್ತಕಕ್ಕೆ ಬಂದ ಹೆಸರುಗಳಲ್ಲಿ ನನಗೆ ಇಷ್ಟವಾದವು ಬಹಳ. ಅನನ್ಯ ಎಂದರೆ ತನ್ನಂತೆ ಇನ್ನೊಬ್ಬರಿಲ್ಲದವಳು. ಆದ್ಯ ಎಂದರೆ ಮೊದಲನೆಯವಳು. ತನ್ವಿ ಎಂದರೆ ತೆಳ್ಳಗಿನವಳು. ನಿಶಾಂತ ಎಂದರೆ ರಾತ್ರಿಯ ಕೊನೆ, ಅಂದರೆ ಬೆಳಗು. ಧ್ರುವ ಎಂದರೆ ಕದಲದವನು. ಆದರೆ ಪುಸ್ತಕದವರು ಕೊಡುವ ಅರ್ಥವನ್ನೆಲ್ಲ ಕಣ್ಣು ಮುಚ್ಚಿ ನಂಬಬಾರದು. 'ಆರವ್' ಎಂದರೆ ಶಾಂತ ಎಂದು ಎಷ್ಟೋ ಕಡೆ ಅಚ್ಚು ಹಾಕಿರುತ್ತಾರೆ. ಸಂಸ್ಕೃತದಲ್ಲಿ ಆರವ ಎಂದರೆ ಸದ್ದು, ಕೂಗು! ನನ್ನ ಎಂಟನೇ ತರಗತಿಯ ಆರವನನ್ನು ನೋಡಿದರೆ ಸಂಸ್ಕೃತವೇ ಸರಿ ಎಂದು ನೀವೂ ಒಪ್ಪುತ್ತೀರಿ. 'ಅನಿಕೇತ್' ಎಂಬ ಹೆಸರನ್ನು ತಂದೆತಾಯಿಯರು ಹೆಮ್ಮೆಯಿಂದ ಇಡುತ್ತಾರೆ. ಮನೆಯಿಲ್ಲದವನು ಎಂದು ಅದರ ಅರ್ಥ. ತಿರುಕಪ್ಪನಿಗೂ ಮನೆಯಿಲ್ಲ, ಅನಿಕೇತನಿಗೂ ಮನೆಯಿಲ್ಲ. ಒಬ್ಬನನ್ನು ಕಂಡರೆ ನಗುತ್ತೇವೆ, ಇನ್ನೊಬ್ಬನನ್ನು ಕಂಡರೆ 'ಎಷ್ಟು ಚೆನ್ನಾಗಿದೆ' ಎನ್ನುತ್ತೇವೆ. ಇದು ನ್ಯಾಯವೆ?

ಒಂದು ಫೋನು

ನಾಯಕನಹಟ್ಟಿಯ ಬಸ್ ನಿಲ್ದಾಣದಲ್ಲಿ ಕುಳಿತು ಹಳೆಯ ವಿದ್ಯಾರ್ಥಿಯ ನಂಬರು ಹುಡುಕಿಸಿದೆ. ಊರಿನವರೊಬ್ಬರು ಕೊಟ್ಟರು. ಅವನೀಗ ಲೈನ್‌ಮನ್. ನನ್ನ ದನಿ ಕೇಳಿ ಸಂತೋಷಪಟ್ಟ. ಎಲ್ಲಿಂದ ಮಾತಾಡುತ್ತಿದ್ದೇನೆಂದು ಹೇಳಿ, 1998ರ ಆ ಪಾಠದ ಪ್ರಸ್ತಾಪ ಮಾಡಿ, 'ತಪ್ಪಾಯಿತಪ್ಪಾ' ಎಂದೆ.

'ಅಯ್ಯೋ ಬಿಡಿ ಸಾರ್, ಅದನ್ನ ಯಾವತ್ತೋ ಮರೆತೆ' ಎಂದ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಅವನೇ, 'ಹೋದ ವರ್ಷ ಮಗ ಹುಟ್ಟಿದ ಸಾರ್. ನಮ್ಮಪ್ಪ ತಿಪ್ಪೇಸ್ವಾಮಿ ಅಂತಲೇ ಇಡಬೇಕು ಅಂದ್ರು. ನಾನೇ ಬೇಡ ಅಂದೆ. ಅವನ ಮೇಷ್ಟ್ರು ಎಂಥವರು ಸಿಗ್ತಾರೋ ಏನೋ ಅಂತ...' ಎಂದ.

ಬಸ್ಸು ಬಂತು. ಹತ್ತುವ ಮೊದಲು ಇಷ್ಟೇ ಹೇಳಿದೆ: 'ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಬೇಕು. ಆದರೆ ಮಗುವಿನ ಹೆಸರನ್ನು ಒಂದು ವರ್ಷದವರೆಗೆ ಶುಲ್ಕವಿಲ್ಲದೆ ಸೇರಿಸಬಹುದು, ತಡವಾದ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಸೇರಿಸಬಹುದು. ನಿನ್ನ ಮಗನ ಹೆಸರು ನೋಂದಾಯಿಸಿ ಆಗಿದ್ದರೆ ಇರಲಿ. ಮನೆಯಲ್ಲಿ ಮಾತ್ರ ಅಜ್ಜ ಯಾವ ಹೆಸರಿನಿಂದ ಕರೆದರೂ ಬೇಡ ಅನ್ನಬೇಡ.' ಅವನು 'ಹೂಂ ಸಾರ್' ಎಂದ. ಆ ಮಾತನ್ನು ನಡೆಸಿದನೋ ಇಲ್ಲವೋ ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ಎರಡಕ್ಷರ ಸಿಕ್ಕಿತು

ಅಂದು ರಾತ್ರಿ ಕುದಾಪುರದ ಕತ್ತಲ ಬಯಲಿನಲ್ಲಿ ನಿಂತಾಗ ಆಕಾಶ ತುಂಬಾ ನಕ್ಷತ್ರಗಳಿದ್ದವು. ಹಿಂದಿನವರು ಅವುಗಳಿಂದಲೂ ಹೆಣ್ಣುಮಕ್ಕಳ ಹೆಸರು ಆರಿಸಿದ್ದರು. ರೋಹಿಣಿ, ಸ್ವಾತಿ, ರೇವತಿ, ಅರುಂಧತಿ. ಪಟ್ಟಿಯಲ್ಲಿ ಇನ್ನೊಂದಿತ್ತು: ಚಿತ್ರಾ. ಹೊಳೆಯುವುದು, ವಿಸ್ಮಯ ಹುಟ್ಟಿಸುವುದು ಎಂಬ ಅರ್ಥ. ನಾಯಕನಹಟ್ಟಿಯ ತೇರು ಹೊರಡುವ ಚಿತ್ತಾ ನಕ್ಷತ್ರ ಅದೇ. ಸುಮಾರು 250 ಜ್ಯೋತಿರ್ವರ್ಷ ದೂರದಲ್ಲಿದೆ. ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು, ಚಿತ್ರದುರ್ಗದ ಕೋಟೆಯನ್ನು ಹೈದರಾಲಿ ಮುತ್ತಿದ್ದ ಕಾಲದ ಸುಮಾರಿಗೆ ಅಲ್ಲಿಂದ ಹೊರಟದ್ದು. ಇನ್ನೊಂದು ಸ್ವಾರಸ್ಯವಿದೆ. ಆಕಾಶದ ಚಕ್ರದಲ್ಲಿ ರೇವತಿಯ ಕೊನೆಯೂ ಚಿತ್ರಾ ನಕ್ಷತ್ರವೂ ಎದುರುಬದುರು. ಒಂದು ಮೂಡುವ ಹೊತ್ತಿಗೆ ಇನ್ನೊಂದು ಮುಳುಗುತ್ತದೆ.

ಮಗಳಿಗೆ ಹೇಳಿದೆ. 'ಚಿತ್ರಾ? ಹಳೇ ಕಾಲದ ಹೆಸರಾಯಿತಲ್ಲಪ್ಪಾ' ಎಂದಳು. 'ಎರಡಕ್ಷರ ಇದೆ. ಅರ್ಥ ಚೆನ್ನಾಗಿದೆ. ಹಳೇ ಕಾಲದ್ದಾದ್ದರಿಂದಲೇ ಅವಳ ಕ್ಲಾಸಿನಲ್ಲಿ ಇನ್ನೊಬ್ಬಳು ಚಿತ್ರಾ ಇರುವುದಿಲ್ಲ' ಎಂದೆ. ಅವಳಿಗೆ ನಗು ಬಂತು. ಮೂರನೆಯ ತಿಂಗಳು ತೊಟ್ಟಿಲಿಗೆ ಹಾಕಿದಾಗ ಅಳಿಯನ ಅಕ್ಕ ಮಗುವಿನ ಕಿವಿಯಲ್ಲಿ ಅದೇ ಹೆಸರು ಹೇಳಿದರು.

ಈಗ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೊದಲ ವಾರ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಹೆಸರನ್ನು ಯಾರಿಟ್ಟರು, ಏಕೆ ಇಟ್ಟರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ತಂದೆತಾಯಿಯರಲ್ಲಿ ನನ್ನ ಕೋರಿಕೆಯೂ ಇದೇ. ಮಗು ಬಂದು ಕೇಳಿದರೆ 'ಹೋಗೋ, ಪುಸ್ತಕದಲ್ಲಿತ್ತು, ಇಟ್ಟೆವು' ಎಂದು ಮುಗಿಸಬೇಡಿ. ಅಜ್ಜಿಯೊಬ್ಬರು ಮನೆಯಲ್ಲಿದ್ದರೆ ಅವರ ಬಳಿ ಕಳಿಸಿ.

ಈ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಓದಿದ್ದು ಒಂದೇ ಸಾಲು: 'ನಾನು ಹುಟ್ಟಿದ ರಾತ್ರಿ ಅಮ್ಮನಿಗೆ ಬಹಳ ಕಷ್ಟವಾಗಿತ್ತಂತೆ. ಬೆಳಗಿನವರೆಗೂ ಪಕ್ಕದಲ್ಲೇ ಕೂತು ನಮ್ಮಿಬ್ಬರನ್ನೂ ಉಳಿಸಿದ ನರ್ಸಮ್ಮನ ಹೆಸರನ್ನೇ ನನಗೆ ಇಟ್ಟಿದ್ದಾರೆ.'

ತರಗತಿಯಲ್ಲಿ ಯಾರೂ ನಗಲಿಲ್ಲ.